ಪಕ್ಕದ ಸೀಟಿನ ಶಾಕು

ನಮ್ಮ ಪಿಕಪ್ಪಿನ ಹಿಂದಿನ ಶಾಕ್ ಅಬ್ಸಾರ್ಬರುಗಳು ಸತ್ತಿವೆ ಎಂದು ಮೊದಲು ಕಂಡುಹಿಡಿದದ್ದು ನನ್ನ ಬೆನ್ನು. ಅವು ಎಣ್ಣೆ ಕಾರುತ್ತಿರುವುದು ಅಣ್ಣನ ಕಣ್ಣಿಗೆ ಬೀಳುವುದಕ್ಕೆ ಎಷ್ಟೋ ಮೊದಲೇ ಪ್ರತಿ ಗುಂಡಿಗೂ ನನ್ನ ಸೊಂಟಕ್ಕೊಂದು ಗುದ್ದು ಬೀಳುತ್ತಿತ್ತು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಬೆನ್ನು ನೋಯುತ್ತದೆ ಎಂದು ನನ್ನ ಬಾಯಿಂದ ಬಿದ್ದ ದಿನವೇ ನನ್ನ ಸೀಟು ಹೋಯಿತೆಂದು ಲೆಕ್ಕ. ಆ ಒಂದು ಮಾತಿಗಾಗಿ ಅಣ್ಣ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ.

ರಸ್ತೆಯಲ್ಲಿ ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವುದು ನಮ್ಮ ಕಸುಬು. ಪಿಕಪ್ಪಿನ ಹಿಂದೆ ಒಂದು ಚಪ್ಪಟೆ ಟ್ರೇಲರ್, ಟ್ರೇಲರಿನ ಮೂತಿಯಲ್ಲಿ ಉಕ್ಕಿನ ಹಗ್ಗ ಸುತ್ತುವ ಒಂದು ವಿಂಚು. ಅಣ್ಣ ಓಡಿಸುತ್ತಾನೆ. ನಾನು ಪಕ್ಕದ ಸೀಟು. ಸ್ಥಳ ತಲುಪಿದ ಮೇಲೆ ಅವನು ವಿಂಚಿನ ಗುಂಡಿ ಒತ್ತುತ್ತಾನೆ. ನಾನು ಕೆಟ್ಟ ಗಾಡಿಯೊಳಗೆ ಕೂತು ಸ್ಟೇರಿಂಗ್ ನೆಟ್ಟಗೆ ಹಿಡಿದು ಹತ್ತಿಸಿ, ಆಮೇಲೆ ಚಕ್ರಗಳಿಗೆ ಬೆಲ್ಟು ಬಿಗಿಯುತ್ತೇನೆ. ಗಾಡಿಯ ಯಜಮಾನರ ಗೋಳು ಕೇಳುವುದೂ ನನ್ನ ಪಾಲಿನದೇ. ಅಣ್ಣನಿಗೆ ಗೋಳು ಆಗಿಬರುವುದಿಲ್ಲ, ಅವನು ಎದುರು ಮಾತಾಡಿ ಅದನ್ನು ಜಗಳ ಮಾಡಿಬಿಡುತ್ತಾನೆ.

ಈ ಸೀಟಿಗೆ ನಾನು ಪ್ರಾಣ ಬಿಡುವುದೇಕೆ ಎಂದರೆ ನಮ್ಮ ಮನೆಯ ಊಟದ ಮೇಜಿನ ಕಥೆ ಹೇಳಬೇಕು. ಅಪ್ಪ ಬದುಕಿದ್ದಾಗ ಒಂದು ಕಟ್ಟಳೆ ಮಾಡಿದ್ದ. ಸಂಜೆಯ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರಬೇಕು. ಕೆಲಸದ ಮಾತು, ಮನೆಯ ಮಾತು, ಏನು ತೀರ್ಮಾನವಾದರೂ ಅಲ್ಲೇ ಆಗಬೇಕು. ಆದರೆ ಅವತ್ತು ಗಾಡಿ ಹತ್ತಿದವರು ಮಾತ್ರ ಮಾತಾಡಬೇಕು, ಉಳಿದವರು ಉಣ್ಣಬೇಕು. ರಸ್ತೆಯ ಮೇಲಿನ ಕಷ್ಟ ಗೊತ್ತಿಲ್ಲದವರು ಕೂತಲ್ಲಿಂದ ಬುದ್ಧಿ ಹೇಳಬಾರದು ಎಂಬುದು ಅಪ್ಪನ ವಾದ. ಅಪ್ಪ ಹೋದ. ಕಟ್ಟಳೆ ಹೋಗಲಿಲ್ಲ. ಅಮ್ಮ ಅದನ್ನು ಅಪ್ಪನಿಗಿಂತ ಬಿಗಿಯಾಗಿ ನಡೆಸುತ್ತಾಳೆ, ಕೊನೆಯ ಮಾತು ಅವಳದು. ಗಾಡಿ ಹತ್ತದವರು ಬಾಯಿ ತೆರೆದರೆ ಅವಳು ಬೈಯುವುದಿಲ್ಲ, ಕೈಯಲ್ಲಿನ ಸೌಟನ್ನು ಪಾತ್ರೆಯೊಳಗೆ ಇಟ್ಟು ಸುಮ್ಮನೆ ನೋಡುತ್ತಾಳೆ. ಆ ನೋಟಕ್ಕೆ ಎಂಥವರ ನಾಲಿಗೆಯೂ ಒಣಗುತ್ತದೆ.

ಬೆನ್ನಿನ ಆಪರೇಷನ್ ಆಗಿ ನಾನು ಮನೆಯಲ್ಲಿ ಬಿದ್ದಿದ್ದಾಗ ಈ ಕಟ್ಟಳೆಯ ರುಚಿ ಕಂಡಿದ್ದೇನೆ. ನನ್ನ ಸಾಮಾನಿನ ಬೀರು ಹಿತ್ತಿಲಿಗೆ ಹೋಯಿತು. ನಾನೇ ಆರಿಸಿ ತಂದಿದ್ದ ಹಳೆಯ ಟ್ರೇಲರನ್ನು ಮಾರಿದರು. ಗಾಡಿಗೆ ಕಾಮಾಲೆಯಾದವನ ಮುಖದಂಥ ಒಂದು ಹಳದಿ ಬಣ್ಣ ಬಳಿದರು. ಇಷ್ಟೆಲ್ಲ ನನ್ನ ಕಣ್ಣೆದುರೇ, ನನ್ನ ತಟ್ಟೆಯ ಮೇಲೇ ತೀರ್ಮಾನವಾಯಿತು. ನಾನು ತುತ್ತಿನ ಜೊತೆ ಸಿಟ್ಟನ್ನೂ ನುಂಗಿಕೊಂಡು ಕೂತಿದ್ದೆ. ಆಗಲೇ ಆಣೆ ಮಾಡಿಕೊಂಡಿದ್ದೆ: ಸೊಂಟ ಮುರಿದು ಎರಡಾದರೂ ಸರಿ, ಇನ್ನೊಮ್ಮೆ ಈ ಮನೆಯಲ್ಲಿ ಮೂಗನಾಗಿ ಉಣ್ಣುವುದಿಲ್ಲ.

ಕ್ಲಚ್ ತುಳಿಯಬೇಡ ಎಂದು ಡಾಕ್ಟರು ಹೇಳಿದ್ದರಿಂದ ಓಡಿಸುವ ಹಾಗಿರಲಿಲ್ಲ. ಉಳಿದದ್ದು ಪಕ್ಕದ ಸೀಟು ಒಂದೇ. ಅದರ ಮೇಲೆ ಅತ್ತಿಗೆಯ ತಮ್ಮನ ಕಣ್ಣು ಬಿದ್ದಿತ್ತು. ಮೈ ಬೆಳೆಸುವುದನ್ನೇ ಉದ್ಯೋಗ ಮಾಡಿಕೊಂಡ ಅವನನ್ನು ಮನೆಯಲ್ಲಿ ಎಲ್ಲರೂ ಪೈಲ್ವಾನ ಎನ್ನುತ್ತಾರೆ. ಅವನನ್ನು ನನ್ನ ಜಾಗಕ್ಕೆ ತಂದರೆ ಮೇಜಿನ ಸುತ್ತ ಅಣ್ಣನದೇ ಎರಡು ಬಾಯಿ. ನನ್ನ ಕಡೆಯವರಿಗೆ ಒಂದೂ ಇಲ್ಲ. ನನ್ನ ಕಡೆಯವರು ಎಂದರೆ ನನ್ನ ಹೆಂಡತಿ. ಅವಳು ಮದುವೆಯಾಗಿ ಬಂದಾಗಿನಿಂದ ಗಾಡಿ ಹತ್ತಿದವಳಲ್ಲ, ಆದ್ದರಿಂದ ಆ ಮೇಜಿನಲ್ಲಿ ಒಂದು ಅಕ್ಷರ ಆಡಿದವಳೂ ಅಲ್ಲ. ಆದರೆ ಕೋಣೆಯೊಳಗೆ ನನ್ನ ಕಿವಿಯಲ್ಲಿ ಊದುತ್ತಿದ್ದಳು. ಅವಳು ಊದಿದ್ದನ್ನು ನಾನು ಮೇಜಿನಲ್ಲಿ ನುಡಿಯಬೇಕು. ಒಂದು ಮಾತು ಬಿಟ್ಟರೂ ಆಮೇಲೆ ವಿಚಾರಣೆ. ನಾನು ಅವಳ ಪಾಲಿಗೆ ಗಂಡನಿಗಿಂತ ಹೆಚ್ಚಾಗಿ ಒಂದು ಲೌಡ್‌ಸ್ಪೀಕರು.

ಹೀಗಿರುವಾಗ ಒಂದು ದಿನ ವ್ಯಾನೊಂದನ್ನು ಎಳೆದು ತರುತ್ತಿದ್ದೆವು. ಇಳಿಜಾರಿನಲ್ಲಿ ಪಿಕಪ್ಪಿನ ಹಿಂಭಾಗ ಕಪ್ಪೆಯ ಹಾಗೆ ಕುಪ್ಪಳಿಸಿತು. ಅಣ್ಣ ಗಾಡಿ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದ. ಶಾಕುಗಳ ಮೈಯೆಲ್ಲ ಎಣ್ಣೆ. ಅವತ್ತು ಮೇಜಿನಲ್ಲಿ ಅವನು ಎದೆ ಉಬ್ಬಿಸಿಕೊಂಡು, ಎಳೆಯುವ ಗಾಡಿಗೆ ಇರುವುದರಲ್ಲೇ ಗಟ್ಟಿಯಾದ ಶಾಕು ಹಾಕಬೇಕು, ಲಾರಿಯವರು ಹಾಕುತ್ತಾರಲ್ಲ ಅಂಥದ್ದು ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ, ನನ್ನ ಸೊಂಟದ ಕಡೆ ನೋಡಿದ. ನನಗೆ ಮೈಯೆಲ್ಲ ಉರಿದುಹೋಯಿತು. ಗಟ್ಟಿ ಶಾಕು ಹಾಕಿದರೆ ಖಾಲಿ ಗಾಡಿ ಮರದ ಹಲಗೆಯಂತೆ ಎಗರುತ್ತದೆ, ನಾನು ತಾನಾಗಿಯೇ ಇಳಿದು ಹೋಗುತ್ತೇನೆ, ಯಾರೂ ಇಳಿಸಿದ ಹಾಗಾಗುವುದಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನನ್ನನ್ನು ತೆಗೆಯುವ ಉಪಾಯ. ನಾನು ಬೇಡವೆಂದೆ. ಅವನು ಬೇಕೆಂದ. ಅಮ್ಮ, ಇಬ್ಬರೂ ಹೋಗಿ ಅಂಗಡಿಯಲ್ಲಿ ಕೇಳಿಕೊಂಡು ಬನ್ನಿ, ನನ್ನ ತಲೆ ತಿನ್ನಬೇಡಿ ಎಂದಳು.

ಬಿಡಿಭಾಗಗಳ ಅಂಗಡಿಯಾಕೆ ಗಿರಾಕಿಗಳನ್ನು ಕಂಡರೆ ಉರಿದುಬೀಳುವವಳು. ಚಾವಣಿಯವರೆಗೆ ಪೇರಿಸಿದ ಪೆಟ್ಟಿಗೆಗಳ ನಡುವೆ, ಗ್ರೀಸ್ ಮೆತ್ತಿದ ಗಾಜಿನ ಮೇಜಿನ ಹಿಂದೆ ಕೂತು, ಬಂದವರನ್ನೆಲ್ಲ ಸಾಲ ಕೇಳಲು ಬಂದವರಂತೆ ನೋಡುತ್ತಾಳೆ. ಅಣ್ಣ ಹೋದವನೇ, ಇರೋದ್ರಲ್ಲೇ ಗಟ್ಟಿ ಶಾಕು ಕೊಡಿ ಎಂದ.

"ಗಟ್ಟಿ ಯಾಕೆ, ಮೀಸೆ ತಿರುವೋಕಾ?" ಎಂದಳು ಅವಳು. "ಹಿಂದೆ ಏನು ಕಟ್ಟಿ ಎಳೀತೀರ, ಖಾಲಿ ಎಷ್ಟು ಓಡಾಡುತ್ತೆ, ಅದು ಹೇಳಿ ಮೊದ್ಲು."

ಅಣ್ಣ ಭಾರ, ಭಾರ ಎಂದ. ಭಾರ ಹೊರುವುದು ಶಾಕಲ್ಲ, ಅದರ ಪಕ್ಕದಲ್ಲಿರುವ ಸ್ಪ್ರಿಂಗಿನ ಪ್ಲೇಟುಗಳು, ಶಾಕಿನ ಕೆಲಸ ಕುಣಿತ ನಿಲ್ಲಿಸುವುದಷ್ಟೇ ಎಂದು ಅವಳು ಅವನ ಬಾಯಿ ಮುಚ್ಚಿಸಿದಳು. ಗಟ್ಟಿ ಹಾಕಿದರೆ ಖಾಲಿ ಓಡುವಾಗ ಒಳಗಿದ್ದವರ ಹಲ್ಲು ಉದುರುತ್ತದೆ. ಮೆದು ಹಾಕಿದರೆ ಭಾರ ಎಳೆಯುವಾಗ ಟ್ರೇಲರು ಬಾಲ ಆಡಿಸುತ್ತದೆ. ನಾನು, ಹೋಗುವಾಗ ಯಾವಾಗಲೂ ಖಾಲಿ, ಬರುವಾಗ ಯಾವಾಗಲೂ ಭಾರ ಎಂದೆ. ಅವಳು ಮೊದಲ ಸಲ ನನ್ನ ಕಡೆ ತಿರುಗಿ, ಅದನ್ನು ಮೊದಲೇ ಹೇಳಕ್ಕೇನಾಗಿತ್ತು ನಿಮಗೆ ಎಂದು ಬೈದು, ಒಳಗಿಂದ ಒಂದು ಜೋಡಿ ತಂದು ಮೇಜಿನ ಮೇಲೆ ಕುಕ್ಕಿದಳು. ಪ್ರತಿ ಶಾಕಿನ ಬುಡದಲ್ಲೂ ಕಪ್ಪು ತಿರುಗಣೆ. ಒಂದರಿಂದ ಒಂಬತ್ತರವರೆಗೆ ಅಂಕಿ. ಖಾಲಿ ಹೋಗುವಾಗ ಕೆಳಗಿನ ಅಂಕಿಗೆ ತಿರುಗಿಸಿದರೆ ಮೆದು, ಗಾಡಿ ಹೇರಿದ ಮೇಲೆ ಮೇಲಿನ ಅಂಕಿಗೆ ತಿರುಗಿಸಿದರೆ ಗಟ್ಟಿ.

ಅಣ್ಣ ಜಗಳಕ್ಕೆ ನಿಲ್ಲುತ್ತಾನೆ ಎಂದುಕೊಂಡಿದ್ದೆ. ಅವನು ಆ ತಿರುಗಣೆಯನ್ನು ಕಟಕ್ ಕಟಕ್ ಎನಿಸಿ ನೋಡಿ, ಇದೇ ಇರಲಿ ಎಂದುಬಿಟ್ಟ. ಅಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ನನಗೆ ಗುಮಾನಿಯೇ ಬಂತು. ಅವನು ಫೋನ್ ಬಂತೆಂದು ಹೊರಗೆ ಹೋದ ಮೇಲೆ ಅಂಗಡಿಯಾಕೆ ರಟ್ಟಿನ ಪೆಟ್ಟಿಗೆ ಮುಚ್ಚುತ್ತ, "ಎರಡೂ ಕಡೆ ಒಂದೇ ಅಂಕಿ ಇರ್ಬೇಕು. ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಅಂತ ಆಟ ಆಡಿದ್ರೆ ಗಾಡಿ ಮಗುಚುತ್ತೆ, ಆಮೇಲೆ ನನ್ನ ಅಂಗಡಿ ಮುಂದೆ ಬಂದು ಬಾಯಿ ಬಡ್ಕೋಬೇಡಿ" ಎಂದಳು. ಇಂಥ ಆಟ ಆಡುವ ಮೂರ್ಖರು ಎಲ್ಲಿದ್ದಾರೆ ಎಂದು ನಾನು ನಕ್ಕೆ.

ಅವತ್ತು ಮೇಜಿನಲ್ಲಿ ಅಣ್ಣ ಶಾಕುಗಳನ್ನು ತಾನೇ ಕಂಡುಹಿಡಿದವನಂತೆ ವರ್ಣಿಸಿದ. ಒಂದೊಂದು ಕಡೆಗೂ ಬೇರೆ ಬೇರೆ ತಿರುಗಣೆ ಎಂದ. ಮೆದು ಬೇಕಾದರೆ ಮೆದು, ಗಟ್ಟಿ ಬೇಕಾದರೆ ಗಟ್ಟಿ ಎಂದ. ನನ್ನ ಹೆಂಡತಿ ತಟ್ಟೆಯಿಂದ ತಲೆಯೆತ್ತಿ ಅವನ ಮಾತನ್ನು ಬಿಟ್ಟ ಕಣ್ಣು ಬಿಟ್ಟ ಹಾಗೆಯೇ ಕೇಳಿಸಿಕೊಂಡಳು. ಅವಳು ಏನಾದರೂ ಕೇಳಬೇಕೆಂದುಕೊಂಡಿದ್ದರೂ ಅಲ್ಲಿ ಕೇಳುವ ಹಾಗಿರಲಿಲ್ಲವಲ್ಲ.

ಮೊದಲೆರಡು ದಿನ ಗಾಡಿ ತೊಟ್ಟಿಲಿನಂತಿತ್ತು. ಆಮೇಲೆ ಅದಕ್ಕೆ ಏನೋ ದೆವ್ವ ಮೆಟ್ಟಿಕೊಂಡಿತು. ಒಂದು ದಿನ ನನ್ನ ಕಡೆ ಕಲ್ಲಿನ ಮೇಲೆ ಕೂತ ಹಾಗೆ, ಮರುದಿನ ನನ್ನ ಕಡೆ ಹಾಸಿಗೆ, ಅಣ್ಣನ ಕಡೆ ಕಲ್ಲು. ತಿರುವಿನಲ್ಲಿ ಗಾಡಿ ಕುಂಟುವವನಂತೆ ಒಂದು ಭುಜ ತಗ್ಗಿಸಿ ಹೋಗುತ್ತಿತ್ತು. ನನ್ನ ಬೆನ್ನಿಗೇ ಹುಚ್ಚು ಹಿಡಿಯಿತೇನೋ ಎಂದುಕೊಂಡೆ. ಅಣ್ಣನೂ ಆಗಾಗ ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನನ್ನು ಕೆಕ್ಕರಿಸಿ ನೋಡುತ್ತಿದ್ದ. ಇಬ್ಬರೂ ಹಲ್ಲು ಕಚ್ಚಿಕೊಂಡು ರಸ್ತೆ ನೋಡುತ್ತಿದ್ದೆವು. ಅವನೇಕೆ ಸುಮ್ಮನಿದ್ದ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಗಟ್ಟಿ ನೆಲದ ಮೇಲೆ ಅಂಗಾತ ಮಲಗಿದರೆ ನನ್ನ ಬೆನ್ನಿಗೆ ಸ್ವಲ್ಪ ಹಾಯೆನಿಸುತ್ತದೆ. ಬೆಳಿಗ್ಗೆ ಶೆಡ್ಡಿನಲ್ಲಿ ಟ್ರೇಲರಿನ ಆ ಬದಿಗೆ, ಸಿಮೆಂಟಿನ ಮೇಲೆ ಯಾರಿಗೂ ಕಾಣದ ಹಾಗೆ ಮಲಗುತ್ತಿದ್ದೆ. ಕಾಣಿಸಿಕೊಂಡರೆ ಮತ್ತೆ ಅದೇ ಬೆನ್ನಿನ ಮಾತು. ಒಂದು ಬೆಳಿಗ್ಗೆ ಹಾಗೆ ಬಿದ್ದುಕೊಂಡಿದ್ದಾಗ ಗಾಡಿಯಡಿಯಿಂದ ಹೆಂಡತಿಯ ಪಾದಗಳು ಕಂಡವು. ಅವಳು ಕುಕ್ಕರುಗಾಲಲ್ಲಿ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಸೀಟಿನ ಕಡೆಯ ಚಕ್ರದ ಹಿಂದೆ ಕೈ ಹಾಕಿದಳು. ಕಟಕ್ ಕಟಕ್ ಎಂದು ತಿರುಗಿಸಿ ಮೆದು ಮಾಡಿದಳು. ಆಮೇಲೆ ಅಣ್ಣನ ಕಡೆಗೆ ಹೋಗಿ ಅಲ್ಲಿಯದನ್ನು ಕೊನೆಯವರೆಗೆ ಗಟ್ಟಿ ಮಾಡಿದಳು. ತಿರುಗಿಸುವಾಗ ಒಂದೊಂದು ಕಟಕ್ಕಿಗೂ ಒಂದೊಂದು ಬೈಗುಳ ಸಣ್ಣ ದನಿಯಲ್ಲಿ ಹಾಕುತ್ತಿದ್ದಳು. ಕೈ ಒರೆಸಿಕೊಂಡು ಒಳಗೆ ಹೋದಳು.

ನಾನು ಏಳಬೇಕೆನ್ನುವಷ್ಟರಲ್ಲಿ ಅಣ್ಣನ ಚಪ್ಪಲಿ ಬಂದವು. ಅವನು ಹಿಂದೆ ಮುಂದೆ ನೋಡಿ, ಏದುಸಿರು ಬಿಡುತ್ತ ಮಂಡಿಯೂರಿ ತನ್ನ ಕಡೆಯದನ್ನು ಮೆದು ಮಾಡಿಕೊಂಡ. ಅದು ಗಟ್ಟಿಯಾಗಿದ್ದದ್ದು ನೋಡಿ ಥೂ ಎಂದು ಉಗಿದ. ಆಮೇಲೆ ನನ್ನ ಕಡೆಗೆ ಬಂದು ಒಂಬತ್ತಕ್ಕೆ ತಿರುಗಿಸಿ, ಸಾಲದೆಂಬಂತೆ ಇನ್ನೂ ಒಮ್ಮೆ ಬಿಗಿದು ನೋಡಿ ಹೋದ.

ನಾನು ಸಿಮೆಂಟಿನ ಮೇಲೆ ಮಲಗಿ ನಕ್ಕೆ. ಆಮೇಲೆ ನಗು ನಿಂತು ಪಿತ್ತ ನೆತ್ತಿಗೇರಿತು. ಶಾಕು ಯಾವ ಕಡೆ ಇದೆಯೋ ಆ ಕಡೆ ಕೂತವನನ್ನು ಮಾತ್ರ ಕುಲುಕುತ್ತದೆ ಎಂದು ನಂಬಿದ ಇಬ್ಬರು ಮಹಾನುಭಾವರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ನನ್ನ ಸೊಂಟವನ್ನು ರೇಡಿಯೋದ ತಿರುಗಣೆಯ ಹಾಗೆ ಆಚೆ ಈಚೆ ತಿರುಗಿಸುತ್ತಿದ್ದಾರೆ. ಅಣ್ಣನಿಗೆ ನನ್ನನ್ನು ಇಳಿಸಬೇಕು. ಇವಳಿಗೆ ತನ್ನ ಲೌಡ್‌ಸ್ಪೀಕರು ಕೆಡಬಾರದು. ನಡುವೆ ನಾನೊಬ್ಬ ಮನುಷ್ಯ ಕೂತಿದ್ದೇನೆ ಎಂಬುದು ಇಬ್ಬರ ತಲೆಯಲ್ಲೂ ಇಲ್ಲ. ಅವತ್ತೇ ಮೇಜಿನಲ್ಲಿ ಎಲ್ಲರೆದುರು ಇಬ್ಬರ ಬಣ್ಣವನ್ನೂ ಬಯಲು ಮಾಡುತ್ತೇನೆ ಎಂದು ತೀರ್ಮಾನಿಸಿದೆ. ಅಷ್ಟರಲ್ಲಿ ಫೋನ್ ಬಂತು. ಖಾಲಿ ಹೋಗುವಾಗ ಹೇಗಿದ್ದರೇನು, ಹೇರುವ ಮೊದಲು ನಾನೇ ಸರಿ ಮಾಡಿದರಾಯಿತು ಎಂದುಕೊಂಡು ಹತ್ತಿದೆ.

ಗಾಡಿ ಕೆಟ್ಟು ನಿಂತಿದ್ದವರು ಒಬ್ಬ ದಂತವೈದ್ಯರು. ತಡವಾಗಿ ಬಂದಿರೆಂದು ಅವರು ಕೂಗಾಡಿದರು. ಅಣ್ಣ, ಬೇಕಾದರೆ ನೀವೇ ಹಲ್ಲಲ್ಲಿ ಕಚ್ಚಿ ಎಳೆದುಕೊಂಡು ಹೋಗಿ ಎಂದ. ಅವರು ಅಣ್ಣನ ಕುಲಗೋತ್ರ ವಿಚಾರಿಸತೊಡಗಿದರು. ನಾನು ಇಬ್ಬರ ನಡುವೆ ನಿಂತು ಸಮಾಧಾನ ಮಾಡಿ, ಅವರ ಭಾರಿ ಹಳೆಯ ಕಾರನ್ನು ಹತ್ತಿಸಿ, ಬೆಲ್ಟು ಬಿಗಿದು, ಅವರನ್ನು ಅವರ ಸ್ನೇಹಿತರ ಕಾರಿನಲ್ಲಿ ಕೂರಿಸುವುದರಲ್ಲಿ ಸಾಕುಸಾಕಾಯಿತು. ಆ ಗಲಾಟೆಯಲ್ಲಿ ತಿರುಗಣೆಯ ವಿಷಯ ನನ್ನ ತಲೆಯಿಂದ ಹಾರಿಯೇ ಹೋಯಿತು.

ನೆನಪಾದದ್ದು ಸೇತುವೆಯ ಇಳಿಜಾರಿನಲ್ಲಿ. ತಿರುವಿಗೆ ಬರುತ್ತಲೇ ಗಾಡಿ ಅಣ್ಣನ ಕಡೆಗೆ ವಾಲಿತು. ವಾಲಿದ್ದು ಏಳುವಷ್ಟರಲ್ಲಿ ಹಿಂದಿನ ಟ್ರೇಲರು ಒಂದು ಕಡೆಗೆ ಎಳೆಯಿತು, ಆಮೇಲೆ ಇನ್ನೊಂದು ಕಡೆಗೆ. ಕನ್ನಡಿಯಲ್ಲಿ ದಂತವೈದ್ಯರ ಕಾರು ಒಮ್ಮೆ ಕಾಣುತ್ತದೆ, ಒಮ್ಮೆ ಮಾಯ. ಅಣ್ಣ ಬ್ರೇಕಿಗೆ ಕಾಲು ಹಾಕಿದ. ಹಾಕಿದಷ್ಟೂ ಹಿಂದಿನದು ಹುಚ್ಚೆದ್ದು ಕುಣಿಯಿತು. ಟ್ರೇಲರಿಗೆ ಅದರದೇ ಬೇರೆ ಬ್ರೇಕಿದೆ, ಅದರ ಹಿಡಿ ನನ್ನ ಮಂಡಿಯ ಪಕ್ಕದಲ್ಲಿದೆ. ನಾನು ಅಣ್ಣನಿಗೆ ಕಾಲು ತೆಗೆ ಎಂದು ಹೇಳಿ ಆ ಹಿಡಿಯನ್ನು ಎಳೆದು ಹಿಡಿದೆ. ಟ್ರೇಲರು ಹಿಂದಿನಿಂದ ಜಗ್ಗಿತು, ನೆಟ್ಟಗಾಯಿತು. ಇಳಿಜಾರಿನ ಬುಡದಲ್ಲಿ ರಸ್ತೆಯಂಚಿಗೆ ನಿಂತಾಗ ಅಣ್ಣನ ಮುಖದಲ್ಲಿ ರಕ್ತವಿರಲಿಲ್ಲ.

"ಇಳಿ," ಎಂದೆ. "ಇಳಿದು ಎರಡು ಕಡೆಯದನ್ನೂ ಒಂದೇ ಮಾಡು. ಬೆಳಿಗ್ಗೆ ಮಾಡಿದ್ದು ನಾನು ನೋಡಿದ್ದೀನಿ."

ಅವನು ಎದುರಾಡಲಿಲ್ಲ. ಇಳಿದು ಮಂಡಿಯೂರಿ ತಿರುಗಿಸಿದ. ಹಿಂದೆ ಬಂದ ದಂತವೈದ್ಯರು ಏನಾಯಿತೆಂದು ಮತ್ತೆ ಕೂಗಾಡಿದರು. ಈ ಸಲ ಅವನು ಅವರಿಗೂ ಎದುರಾಡಲಿಲ್ಲ.

ಅವತ್ತಿನ ಊಟದಲ್ಲಿ ನಾನು ಒಂದನ್ನೂ ಬಿಡಲಿಲ್ಲ. ಅಣ್ಣನ ಮಂಡಿಯಿಂದ ಹಿಡಿದು ಇವಳ ಸೊಂಟದ ಸೆರಗಿನವರೆಗೆ ಎಲ್ಲ ಹೇಳಿದೆ. ಸತ್ತಿದ್ದರೆ ನಾನೂ ಅಣ್ಣನೂ ಒಟ್ಟಿಗೆ ಸಾಯುತ್ತಿದ್ದೆವು, ಅರ್ಧ ಕೊಂದ ಪುಣ್ಯ ಇವಳಿಗೆ, ಅರ್ಧ ಅವನಿಗೆ ಎಂದೆ. ಅತ್ತಿಗೆ ಗಂಡನ ಮುಖ ನೋಡಿದರು. ಅಣ್ಣ ತಟ್ಟೆ ನೋಡಿದ. ನನ್ನ ಹೆಂಡತಿಯ ಮುಖ ಕೆಂಪಾಯಿತು, ಬಾಯಿ ತುಂಬ ಮಾತು ಬಂದು ನಿಂತದ್ದು ಕಾಣುತ್ತಿತ್ತು. ಆದರೆ ಅವಳು ಗಾಡಿ ಹತ್ತಿರಲಿಲ್ಲ. ಅಮ್ಮ ಸೌಟನ್ನು ಪಾತ್ರೆಯೊಳಗೆ ಇಟ್ಟು ಅವಳನ್ನೇ ನೋಡುತ್ತಿದ್ದಳು. ಇವಳು ಮಾತನ್ನು ನುಂಗಿದಳು. ಅದು ಗಂಟಲಲ್ಲಿ ಇಳಿದದ್ದು ಕೂಡ ಕಂಡಿತು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಖುಷಿ ನೆತ್ತಿಗೇರಿ ಇನ್ನೂ ಒಂದು ಮಾತು ಆಡಿದೆ.

"ನಾಳೆ ನನ್ನ ಸೀಟಲ್ಲಿ ಇವಳೇ ಕೂತ್ಕೊಂಡು ಹೋಗ್ಲಿ. ಮೆದು ಯಾವುದು, ಗಟ್ಟಿ ಯಾವುದು ಅಂತ ಸೊಂಟಕ್ಕೆ ಗೊತ್ತಾಗ್ಲಿ."

ಗಾಡಿ ಹತ್ತಿದವನು ಆಡಿದ ಮಾತು, ಎದುರು ಯಾರೂ ಆಡಲಿಲ್ಲ. ಅಮ್ಮ ಆಗಲಿ ಎಂದಳು. ಆಗಲಿ ಎಂದ ಮೇಲೆ ಅದು ತೀರ್ಮಾನ.

ಮರುದಿನ ಅವಳು ನನ್ನ ಹಳೆಯ ಶರಟು ಹಾಕಿಕೊಂಡು, ಕೂದಲು ಬಿಗಿದು ಕಟ್ಟಿಕೊಂಡು ಹೊರಟಳು. ನನ್ನ ಜೊತೆ ಮಾತಿರಲಿಲ್ಲ. ಅಣ್ಣನೂ ಅವಳೂ ಒಂದೇ ಗಾಡಿಯಲ್ಲಿ ಕೂತದ್ದು ನೋಡಿ, ಮಧ್ಯಾಹ್ನದೊಳಗೆ ಇಬ್ಬರಲ್ಲಿ ಒಬ್ಬರು ನಡೆದುಕೊಂಡು ಬರುತ್ತಾರೆ ಎಂದುಕೊಂಡು ಫೋನಿನ ಪಕ್ಕ ಕಾಲು ಚಾಚಿ ಕೂತೆ. ಸಂಜೆ ಇಬ್ಬರೂ ಗಾಡಿಯಲ್ಲೇ ಬಂದರು. ಅವಳು ಇಳಿಯುವಾಗ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ಮೆಲ್ಲಗೆ ಸೊಂಟ ನೆಟ್ಟಗೆ ಮಾಡಿದಳು. ನಾನು ಕಿಸಕ್ಕನೆ ನಕ್ಕೆ. ಅವಳು ಕೇಳಿಸಿಕೊಂಡಳು, ತಿರುಗಿ ನೋಡಲಿಲ್ಲ.

ಊಟಕ್ಕೆ ಕೂತೆವು. ಅಮ್ಮ ಬಡಿಸಿದಳು. ಅಣ್ಣ ಎಂದಿನಂತೆ ಗಂಟಲು ಸರಿಮಾಡಿಕೊಂಡ. ಅವನಿಗಿಂತ ಮೊದಲು ನನ್ನ ಹೆಂಡತಿ ಬಾಯಿ ತೆರೆದಳು.

ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಮೇಜಿನಲ್ಲಿ ಅವಳ ದನಿ ಕೇಳಿದ್ದು ಅದೇ ಮೊದಲು. ಮೊದಮೊದಲು ಅದು ಸ್ವಲ್ಪ ಎಡವಿತು, ಆಮೇಲೆ ಗಟ್ಟಿಯಾಯಿತು. ಶಾಕಿನ ತಿರುಗಣೆ ತಾನು ತಿರುಗಿಸಿದ್ದು ಹೌದು, ಆದರೆ ಎರಡೂ ಕಡೆ ಒಂದೇ ಇರಬೇಕೆಂದು ಅಂಗಡಿಯಾಕೆ ಹೇಳಿದ್ದು ನನಗೆ ಗೊತ್ತಿತ್ತಂತೆ, ನಾನು ಅದನ್ನು ಮೇಜಿನಲ್ಲಿ ಹೇಳಲೇ ಇಲ್ಲವಂತೆ, ಹೇಳಿದ್ದರೆ ಯಾರೂ ತಪ್ಪುತ್ತಿರಲಿಲ್ಲವಂತೆ. ಅವಳಿಗೆ ಇದು ಹೇಗೆ ಗೊತ್ತಾಯಿತೆಂದರೆ, ಅವತ್ತು ಹಗಲು ಗಾಡಿಯನ್ನು ಅಣ್ಣನ ಕೈಲಿ ಅಂಗಡಿಯ ಮುಂದೆ ನಿಲ್ಲಿಸಿಸಿ ಕೇಳಿದ್ದಳು. ಯಾರೂ ಕೇಳದ್ದನ್ನು ಕೇಳಿದ್ದಳು. ನಾನು ಉತ್ತರ ಕೊಡಲು ಬಾಯಿ ತೆರೆದೆ. ಸೌಟು ಪಾತ್ರೆಯೊಳಗೆ ಇಳಿದ ಸದ್ದಾಯಿತು. ಬಾಯಿ ಮುಚ್ಚಿದೆ.

ಒಂದು ದಿನದ ಮಟ್ಟಿಗೆ ಎಂದು ನಾನು ಹೇಳಿದ್ದು. ಮರುದಿನ ಬೆಳಿಗ್ಗೆ ನಾನು ಹೋಗಿ ಸೀಟಿನಲ್ಲಿ ಕೂತೆ. ಅಮ್ಮ ಶೆಡ್ಡಿಗೆ ಬಂದು, ಇಳಿ ಎಂದಳು. ಮತ್ತೆ ಬದಲಾಯಿಸಬೇಕಾದರೆ ಊಟದ ಹೊತ್ತಿನಲ್ಲಿ ಯಾರಾದರೂ ಆಡಬೇಕು, ಆಡಿ ತೀರ್ಮಾನವಾಗಬೇಕು, ಸುಮ್ಮನೆ ಬಂದು ಕೂತರೆ ಆಗುತ್ತದೆಯೇ ಎಂದಳು. ನಾನು ಆಡಬೇಕಾದರೆ ಗಾಡಿ ಹತ್ತಬೇಕು. ಗಾಡಿ ಹತ್ತಬೇಕಾದರೆ ಯಾರೋ ನನ್ನ ಪರವಾಗಿ ಆಡಬೇಕು. ನನ್ನ ಪರವಾಗಿ ಆಡಬೇಕಾದವಳು ಕೈಗವಸು ಹಾಕಿಕೊಳ್ಳುತ್ತ ನಿಂತಿದ್ದಳು. ನಾನು ಬಾಗಿಲು ಹಿಡಿದು ಇಳಿದೆ.

ಅಂದಿನಿಂದ ಕೋಣೆಯಲ್ಲಿ ನನ್ನ ಕಿವಿಗೆ ಯಾರೂ ಊದುವುದಿಲ್ಲ. ನಾನೇ ಊದಲು ನೋಡಿದೆ. ಮೊದಲ ದಿನ ಅವಳು ಕೇಳಿಸಿಕೊಂಡಳು. ಆಮೇಲೆ, ನಿಮಗೆ ರಸ್ತೆ ಮೇಲಿಂದು ಗೊತ್ತಾಗಲ್ಲ ಬಿಡಿ ಎಂದು ಮಗ್ಗುಲಾದಳು. ಅಣ್ಣನೂ ಅವಳೂ ಒಬ್ಬರನ್ನೊಬ್ಬರು ಈಗಲೂ ಕಂಡರಾಗದವರೇ. ಗಾಡಿಯಲ್ಲಿ ಹೋಗುವಾಗ ಬರುವಾಗ ಕಚ್ಚಾಡುತ್ತಾರೆ ಎಂದು ಕೇಳಿದ್ದೇನೆ. ಆದರೆ ಹೇರುವ ಮೊದಲು ಅವನು ತನ್ನ ಕಡೆ ಬಗ್ಗುತ್ತಾನೆ, ಅವಳು ತನ್ನ ಕಡೆ ಬಗ್ಗುತ್ತಾಳೆ, ಇಬ್ಬರೂ ಅಂಕಿಯನ್ನು ಜೋರಾಗಿ ಕೂಗಿ ಹೇಳಿಕೊಂಡು ತಿರುಗಿಸುತ್ತಾರೆ. ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲದ್ದರಿಂದ ಒಂದು ದಿನವೂ ತಪ್ಪಿಲ್ಲ. ಗಿರಾಕಿಗಳ ಗೋಳನ್ನು ಅವಳು ಕೇಳುವುದೂ ಇಲ್ಲ, ಎದುರಾಡುವುದೂ ಇಲ್ಲ. ಒಂದು ಬೆಲ್ಟಿನ ತುದಿಯನ್ನು ಅವರ ಕೈಗೇ ಕೊಟ್ಟು ಹಿಡಿದುಕೊಳ್ಳಿ ಎನ್ನುತ್ತಾಳಂತೆ. ದಂತವೈದ್ಯರಂಥವರೂ ಹಿಡಿದುಕೊಂಡು ಸುಮ್ಮನಾಗುತ್ತಾರಂತೆ. ಪೈಲ್ವಾನನ ಹೆಸರನ್ನು ಅಣ್ಣ ಈಗ ಎತ್ತುವುದಿಲ್ಲ. ಅದಕ್ಕೆ ಅತ್ತಿಗೆಯ ಮುಖ ಊದಿಕೊಂಡಿದೆ. ನಾನೂ ಅತ್ತಿಗೆಯೂ ಮೇಜಿನ ಒಂದೇ ಬದಿಗೆ ಕೂತು ತಟ್ಟೆ ನೋಡಿಕೊಂಡು ಉಣ್ಣುತ್ತೇವೆ.

ನಿನ್ನೆ ಊಟಕ್ಕೆ ಕೂತಾಗ ಅಣ್ಣ, ಮುಂದಿನ ಕಡೆಯಿಂದ ಕಟಕಟ ಸದ್ದು ಬರುತ್ತಿದೆ, ಮುಂದಿನ ಶಾಕುಗಳೂ ಹೋಗಿವೆ ಎಂದ. ನನ್ನ ಹೆಂಡತಿ ಹೌದು ಭಾವ ಎಂದಳು. ಇಳಿಜಾರಲ್ಲಿ ಗಾಡಿ ಹಿಡಿತದಲ್ಲಿರಬೇಕು, ಹಿಂದೆ ಭಾರ ಇರುತ್ತೆ, ಮುಂದಕ್ಕಾದರೂ ಗಟ್ಟಿಯದು ಹಾಕಿಸೋಣ ಎಂದಳು. ಅಣ್ಣ ಗಟ್ಟಿಯೇ ಸರಿ ಎಂದ. ಈ ಜನ್ಮದಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು.

ನನಗೆ ಕೂತಲ್ಲೇ ಬೆವರು ಬಂತು. ಆ ಕಟಕಟ ಶಾಕಿನದ್ದಲ್ಲ. ಅದರ ತುದಿಯ ರಬ್ಬರ್ ಬುಷ್ ಸವೆದದ್ದು. ಬೆಳಿಗ್ಗೆ ಶೆಡ್ಡಿನಿಂದ ಗಾಡಿ ಹೊರಡುವ ಸದ್ದಿನಲ್ಲೇ ನನಗೆ ಅದು ಗೊತ್ತಾಗಿತ್ತು. ಎಷ್ಟು ವರ್ಷ ಆ ಸೀಟಿನ ಮೇಲೆ ಈ ಬೆನ್ನಿಟ್ಟು ಕೂತಿದ್ದೇನೆ. ಆ ಗಾಡಿಯ ಯಾವ ಮೂಳೆ ಎಲ್ಲಿ ನೋಯುತ್ತದೆಂದು ನನಗಿಂತ ಚೆನ್ನಾಗಿ ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಎರಡು ರಬ್ಬರಿನ ಚೂರಿನಲ್ಲಿ ಮುಗಿಯುವುದಕ್ಕೆ ಗಟ್ಟಿ ಶಾಕು ಹಾಕಿಸಿ ಆ ಗಾಡಿಯ ಮೂತಿಯನ್ನು ಕಲ್ಲು ಮಾಡಲು ಹೊರಟಿದ್ದಾರೆ. ಅದರೊಳಗೆ ಕೂರುವವಳು ಅವಳು. ಅವಳ ಸೊಂಟ. ನಾನು ತುತ್ತನ್ನು ತಟ್ಟೆಗೇ ಬಿಟ್ಟು, ಅದಲ್ಲ ಎಂದೆ.

ಅಮ್ಮನ ಸೌಟು ನಿಂತಿತು. ಅಣ್ಣನ ಕೈ ತಟ್ಟೆಯಲ್ಲೇ ನಿಂತಿತು. ನಾನು ಅಮ್ಮನನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದೆ. ಇವರು ಮಾತಾಡಲಿ ಎಂದು ಅವಳು ಒಂದು ಮಾತು ಹೇಳಿದರೆ ಸಾಕಿತ್ತು. ಗಾಡಿ ಹತ್ತಿದವಳು, ಹೇಳಬಹುದಿತ್ತು. ಅವಳು ನನ್ನ ಮುಖವನ್ನು ನೋಡಿದಳು. ನನಗೇನೋ ಗೊತ್ತಿದೆ ಎಂಬುದು ಅವಳಿಗೆ ತಿಳಿಯಿತು, ಅದು ಅವಳ ಕಣ್ಣಲ್ಲೇ ಕಂಡಿತು. ಆಮೇಲೆ ಅವಳ ಕಣ್ಣು ಇಳಿದು ನನ್ನ ತಟ್ಟೆಯ ಮೇಲೆ ನಿಂತಿತು.

"ಇವ್ರಿಗೆ ಇನ್ನೊಂಚೂರು ಬಡಿಸಿ ಅತ್ತೆ," ಎಂದಳು.

ಅಮ್ಮ ಬಡಿಸಿದಳು. ಅಣ್ಣ ನನ್ನ ಹೆಂಡತಿಯ ಕಡೆ ತಿರುಗಿ, ನಾಳೆ ಅಂಗಡಿಗೆ ಎಷ್ಟು ಹೊತ್ತಿಗೆ ಹೋಗೋಣ ಎಂದು ಕೇಳಿದ.